ಕರೇಕುಂಟೆಯ ಹಾಜರಿ

ಪಿಎಚ್.ಡಿ. ಮುಗಿದ ಮೇಲೂ ಮನುಷ್ಯ ಸಂಶೋಧನೆ ಮಾಡುತ್ತಾನೆ ಎನ್ನುವುದು ನಮ್ಮಮ್ಮ ಅಮ್ಮಣ್ಣಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. "ಫೇಲಾಗಿದಾರೇನೆ ನಿಮ್ಮ ಸಾಹೇಬ್ರು?" ಎಂದು ಕೇಳಿದಳು. ಇಲ್ಲಮ್ಮ, ಪಾಸಾಗಿದಾರೆ, ಇದು ಡಾಕ್ಟರೇಟ್ ಆದ ಮೇಲಿನ ಅಧ್ಯಯನ, ಅಮೆರಿಕದ ಒಂದು ಫೌಂಡೇಷನ್ ಖರ್ಚು ನೋಡಿಕೊಳ್ಳುತ್ತೆ ಎಂದೆ. "ಪಾಸಾದವರಿಗೆ ಮತ್ತೆ ಪರೀಕ್ಷೆ ಕೊಡ್ತಾರೆ ಅಂದ್ರೆ ಆ ಅಮೆರಿಕದವರಿಗೆ ಏನೋ ಅನುಮಾನ ಇರಬೇಕು" ಎಂದಳು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೂ ಒಂದೊಂದು ಸಲ ಆಕೆ ಹೇಳಿದ್ದನ್ನು ನೆನೆಸಿಕೊಂಡರೆ ನನಗೆ ನಗು ಬರುತ್ತದೆ, ಒಂದೊಂದು ಸಲ ಬರುವುದಿಲ್ಲ.

ನಾನು ಚೂಡಾಮಣಿ. ಆಗ, ಅಂದರೆ ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ, ನನಗೆ ಇಪ್ಪತ್ತೇಳು ವರ್ಷ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಟೈಪಿಂಗ್ ಸೀನಿಯರ್ ಪಾಸು. ಮದುವೆ ಆಗಿರಲಿಲ್ಲ, ಆ ವಿಷಯವನ್ನು ಹನುಮಂತನಗರದಲ್ಲಿ ನನಗೆ ಬಿಟ್ಟು ಮಿಕ್ಕವರೆಲ್ಲ ಯೋಚಿಸುತ್ತಿದ್ದರು. ಜಯನಗರ ಮೂರನೇ ಬ್ಲಾಕಿನಲ್ಲಿ ಹೊಸದಾಗಿ ಶುರುವಾಗಿದ್ದ 'ಜನಸಂಹಾರ ಸ್ಮೃತಿ ಅಧ್ಯಯನ ಕೇಂದ್ರ'ದಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ಸುತ್ತಲೂ ಅರ್ಧ ಸೈಟುಗಳು ಖಾಲಿ, ಲಂಟಾನ ಬೆಳೆದಿತ್ತು, ನಡುವೆ ಒಂದು ಬಾಡಿಗೆ ಮನೆ. ಬೋರ್ಡಿನಲ್ಲಿ ಸ್ಮೃತಿ ಎಂದು ಇದ್ದದ್ದನ್ನು ನೋಡಿ ಎದುರು ಮನೆಯ ರಿಟೈರಾದ ತಹಶೀಲ್ದಾರರು ಧರ್ಮಶಾಸ್ತ್ರದ ಪಾಠ ಎಷ್ಟು ಗಂಟೆಗೆ ಎಂದು ಕೇಳಿಕೊಂಡು ಬಂದಿದ್ದರು. ವಿಷಯ ಹೇಳಿದ ಮೇಲೆ ಮತ್ತೆ ನಮ್ಮ ಗೇಟಿನ ಕಡೆ ತಿರುಗಿ ನೋಡಲಿಲ್ಲ.

ಕೇಂದ್ರದಲ್ಲಿ ನಾವು ನಾಲ್ಕು ಜನ. ಡೈರೆಕ್ಟರು ಬದರಿನಾಥ್, ಸಂಶೋಧಕರು ಡಾಕ್ಟರ್ ಸೇತುರಾಮ್, ನಾನು, ಮತ್ತು ಟೇಪ್ ರೆಕಾರ್ಡರ್. ಮರ್ಯಾದೆಯ ಲೆಕ್ಕದಲ್ಲಿ ರೆಕಾರ್ಡರ್ ನನಗಿಂತ ಮೇಲೆ. ಮಳೆ ಬಂದರೆ ಅದಕ್ಕೆ ಕಂಬಳಿ ಹೊದಿಸುತ್ತಿದ್ದರು. ನಾನು ನೆನೆದುಕೊಂಡು ಬಸ್‌ಸ್ಟಾಪಿಗೆ ಹೋಗುತ್ತಿದ್ದೆ.

ಅಧ್ಯಯನದ ವಿಷಯ ಇದು. ಹಿಂದೆ ಎಂದೋ ಒಂದು ಇಡೀ ಜನರನ್ನು ಕೊಂದು ಹಾಕಿದ ಕಡೆ, ಬದುಕಿ ಉಳಿದವರ ಮಕ್ಕಳು ಮೊಮ್ಮಕ್ಕಳು ಮರಿಮಕ್ಕಳು ಅದನ್ನು ಹೇಗೆ ನೆನಪಿಟ್ಟುಕೊಂಡಿದ್ದಾರೆ ಎಂದು ಅವರ ಬಾಯಿಂದಲೇ ಕೇಳಿ ಟೇಪು ಮಾಡುವುದು. ಅಮೆರಿಕದಿಂದ ಎಂಬತ್ತನಾಲ್ಕು ಪ್ರಶ್ನೆಗಳ ಫಾರಂ ಬಂದಿತ್ತು. ಸೇತುರಾಮ್ ಅದನ್ನು ಕನ್ನಡಕ್ಕೆ ತಂದಿದ್ದರು. ಇಪ್ಪತ್ತಮೂರನೇ ಪ್ರಶ್ನೆ: 'ಪೂರ್ವಜರ ಹತ್ಯೆಯ ನೆನಪು ತಮ್ಮ ದೈನಂದಿನ ಜೀವನಕ್ಕೆ ಎಷ್ಟರ ಮಟ್ಟಿಗೆ ಅಡ್ಡಿಯಾಗಿದೆ? ಬಹಳ, ಸಾಧಾರಣ, ಸ್ವಲ್ಪ, ಇಲ್ಲ.' ಇದಕ್ಕೆ ಒಬ್ಬ ರೈತ ಕೊಟ್ಟ ಉತ್ತರ ನಾನೇ ಟೈಪ್ ಮಾಡಿದ್ದೇನೆ: "ಸದ್ಯಕ್ಕೆ ಮಳೆ ಅಡ್ಡಿ ಆಗೈತೆ ಸ್ವಾಮಿ." ಸೇತುರಾಮ್ ಅದನ್ನು 'ಸಾಧಾರಣ' ಎಂಬ ಕಾಲಂಗೆ ಸೇರಿಸಿದರು.

ಸೇತುರಾಮ್ ಕೆಟ್ಟವರಲ್ಲ. ಮೂವತ್ತೈದರ ಸಣ್ಣಗಿನ ಮನುಷ್ಯ. ಬಸ್ಸಿನಲ್ಲಿ ಮುದುಕಿಯರಿಗೆ ಎದ್ದು ಸೀಟು ಬಿಡುತ್ತಿದ್ದರು. ಎರಡು ವರ್ಷದ ಫೆಲೋಶಿಪ್ಪು, ಅದರಲ್ಲಿ ಹದಿಮೂರು ತಿಂಗಳು ಜನಸಂಹಾರ ಹುಡುಕುವುದರಲ್ಲೇ ಕಳೆದುಹೋಗಿತ್ತು. ಬೆಂಗಳೂರಿನ ದಕ್ಷಿಣಕ್ಕೆ ಹೋದಲ್ಲೆಲ್ಲ ಜನ ಪ್ಲೇಗು ಹೇಳಿದರು, ಬರ ಹೇಳಿದರು, ದಾಯಾದಿ ಜಗಳ ಹೇಳಿದರು. ಪಾಪ, ಮನುಷ್ಯ ಬಡವಾಗಿಬಿಟ್ಟಿದ್ದರು. ಹಾಗಿರುವಾಗ ಕರೇಕುಂಟೆ ಸಿಕ್ಕಿತು.

ಬನ್ನೇರುಘಟ್ಟ ರಸ್ತೆಯಲ್ಲಿ ಹುಳಿಮಾವಿನ ಹತ್ತಿರ ಬಸ್ಸಿಳಿದು, ಕೆರೆ ಏರಿ ದಾಟಿ, ಗೊಟ್ಟಿಗೆರೆ ದಿಕ್ಕಿಗೆ ಎರಡು ಮೈಲಿ ನಡೆದರೆ ಇಪ್ಪತ್ತು ಮನೆಯ ಊರು. ನೂರೆಪ್ಪತ್ತೋ ನೂರೆಂಬತ್ತೋ ವರ್ಷದ ಹಿಂದೆ, ರಾಗಿ ಕೊಯ್ಲಿಗೆ ಮುಂಚೆ, ಒಂದು ಬೆಳಿಗ್ಗೆ ದಂಡು ಬಂದು ಊರಿಗೆ ಊರನ್ನೇ ಕಡಿದು ಹಾಕಿತಂತೆ. ಕಾಡಿಗೆ ಸೌದೆಗೆ ಹೋಗಿದ್ದ ಹನ್ನೊಂದು ಜನ ಮಾತ್ರ ಉಳಿದರಂತೆ. ಈಗಿರುವವರೆಲ್ಲ ಅವರ ಸಂತಾನ.

ಯಾರ ದಂಡು ಎಂದರೆ ಊರವರಿಗೆ ಗೊತ್ತಿಲ್ಲ. "ಕುದುರೆ ಮೇಲೆ ಬಂದ್ರು" ಎನ್ನುತ್ತಾರೆ, ಅಷ್ಟೆ. ನಮ್ಮ ಕೇಂದ್ರದ ಸಲಹಾ ಸಮಿತಿಗೆ ಅಷ್ಟು ಸಾಲದು. ಸಮಿತಿಯ ಒಬ್ಬರಿಗೆ ಅದು ಮರಾಠರ ದಂಡೇ ಆಗಬೇಕು, ಇನ್ನೊಬ್ಬರಿಗೆ ಸುಲ್ತಾನರದು, ಮತ್ತೊಬ್ಬರಿಗೆ ಇಂಗ್ಲಿಷರದು. ಮೂರು ಮೀಟಿಂಗು ಇದರಲ್ಲೇ ಹೋಯಿತು. ಸತ್ತವರ ವಿಷಯ ನಾಲ್ಕನೇ ಮೀಟಿಂಗಿಗೆ ಬಂತು, ಅದೂ ಕಾಫಿ ಆದ ಮೇಲೆ. ಆಗ ಬದರಿನಾಥ್ ಒಂದು ತೊಡಕು ತೆಗೆದರು: ಎಲ್ಲರೂ ಸತ್ತಿದ್ದರೆ ಸಂದರ್ಶನಕ್ಕೆ ಜನ ಇರುವುದಿಲ್ಲ, ಜನ ಉಳಿದಿದ್ದರೆ ಸಂಹಾರ ಪೂರ್ಣವಾಯಿತು ಅಂತ ಹೇಳಕ್ಕಾಗಲ್ಲ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ನಾನು ಮಿನಿಟ್ಸ್ ಬರೆದುಕೊಂಡೆ.

ಜುಲೈ ತಿಂಗಳಲ್ಲಿ ಸೇತುರಾಮ್ ಕರೇಕುಂಟೆಯಿಂದ ಹದಿನೇಳನೇ ನಂಬರಿನ ಟೇಪು ತಂದರು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಮುನಿವೆಂಕಟಮ್ಮ ಎಂಬ ಮುದುಕಿಯ ದನಿ. ಎಂಬತ್ತರ ಹತ್ತಿರದ ವಯಸ್ಸು, ಗಂಟಲು ಮಾತ್ರ ಗಟ್ಟಿ.

"ಈ ಪೆಟ್ಟಿಗೆ ಮರ್ಯಾಕಿಲ್ವಾ ಸ್ವಾಮಿ?" ಎಂದು ಆಕೆ ಕೇಳುತ್ತಾಳೆ.

"ಇಲ್ಲ ಅಜ್ಜಿ. ಮನುಷ್ಯರು ಮರೀತಾರೆ, ಇದು ಮರೆಯಲ್ಲ. ಇನ್ನು ನೂರು ವರ್ಷ ಆದ್ರೂ ಹೀಗೇ ಇರುತ್ತೆ" ಎಂದು ಸೇತುರಾಮ್.

"ಇನ್ನೊಂದ್ ಸಾರಿ ಯೋಳಿ."

ಸೇತುರಾಮ್ ನಗುತ್ತಾ ಇನ್ನೊಂದು ಸಾರಿ ಹೇಳುತ್ತಾರೆ.

ಆಮೇಲೆ ಮುದುಕಿ ಊರಿನ ಪದ್ಧತಿ ಹೇಳುತ್ತಾಳೆ. ಕಾರ್ತಿಕ ಮುಗಿಯುವ ಅಮಾವಾಸ್ಯೆ ದಿವಸ ಕುಂಟೆಯ ಏರಿ ಮೇಲೆ ಊರೆಲ್ಲ ಸೇರುತ್ತದೆ. ಒಬ್ಬ ಹೆಂಗಸು ಸತ್ತವರ ಹೆಸರು ಕರೆಯುತ್ತಾಳೆ, ಮೂಡಲ ಮನೆಯಿಂದ ಹಿಡಿದು ಮನೆಮನೆ ಲೆಕ್ಕದಲ್ಲಿ. ಎಲ್ಲ ಹೆಸರು ಕರೆದಾಗುವವರೆಗೂ ಯಾರೂ ರಾಗಿ ಹೊಲಕ್ಕೆ ಕುಡುಗೋಲು ಹಾಕುವ ಹಾಗಿಲ್ಲ. ಕರೆಯುವವಳಿಗೆ ಕೈಲಾಗದೆ ಬಂದಾಗ ಇನ್ನೊಬ್ಬಳಿಗೆ ಬಾಯಿಂದ ಬಾಯಿಗೆ ಒಪ್ಪಿಸುತ್ತಾಳೆ. ಒಪ್ಪಿಸಿದ ಮೇಲೆ ಅವಳು ಆ ಹೆಸರುಗಳನ್ನು ಮತ್ತೆ ಎತ್ತುವ ಹಾಗಿಲ್ಲ. ಎರಡು ಬಾಯಲ್ಲಿ ಇದ್ದರೆ ಎರಡು ಥರ ಆಗುತ್ತದೆ, ಆಮೇಲೆ ಯಾವುದು ದಿಟ ಎಂದು ಜಗಳ.

"ಬರೆದಿಟ್ಕೋಬೋದಲ್ಲ ಅಜ್ಜಿ?"

"ಅವತ್ತು ದಂಡ್ನೋರು ಬಂದಾಗ ಕೈಲಿ ಪಟ್ಟಿ ಹಿಡ್ಕಂಡೇ ಬಂದಿದ್ರಂತೆ. ಯಾವ ಮನೇಲಿ ಎಷ್ಟು ಜನ, ಯಾರ್ ಯಾರು ಅಂತ. ಕಂದಾಯಕ್ಕೆ ಬರೆದಿದ್ದ ಪಟ್ಟಿ. ಆವತ್ತಿಂದ ನಾವು ಆ ಹೆಸರ ಕಾಗದಕ್ಕೆ ಹತ್ತಿಸಾಕಿಲ್ಲ. ನೀವೂ ಹತ್ತಿಸ್ಬೇಡಿ." ಸೇತುರಾಮ್ ಆಯಿತು ಎನ್ನುತ್ತಾರೆ. ಮುದುಕಿ ಮುಂದುವರಿಸುತ್ತಾಳೆ: "ಸೊಸೆ ಸೊಣ್ಣಮ್ಮಂಗೆ ಎರಡು ವರ್ಸ ಹೇಳಿಕೊಟ್ಟೆ. ಅವಳಿಗೆ ತಲೇಲಿ ನಿಲ್ಲಾಕಿಲ್ಲ, ಪಡುವಲ ಮನೆಯೋರ್ನ ತಂದು ಮೂಡಲ ಮನೇಲಿ ಕೂರಿಸ್ತಾಳೆ. ನಂಗೆ ಇನ್ನೆಷ್ಟು ದಿನ? ಈ ಪೆಟ್ಟಿಗೆ ಮರ್ಯಾಕಿಲ್ಲ ಅಂದ್ರಲ್ಲ, ಇದ್ಕೇ ಒಪ್ಪಿಸ್ತೀನಿ."

"ಹೇಳಿ ಅಜ್ಜಿ, ಹೇಳಿ" ಎನ್ನುತ್ತಾರೆ ಸೇತುರಾಮ್ ಉತ್ಸಾಹದಿಂದ. ಒಪ್ಪಿಸುತ್ತೇನೆ ಎಂದರೆ ಏನು ಎಂದು ಅದೇ ಬಾಯಲ್ಲಿ ಆಕೆ ಹೇಳಿ ಮುಗಿಸಿ ಎರಡು ನಿಮಿಷ ಆಗಿರಲಿಲ್ಲ. ಅವರ ಗಮನವೆಲ್ಲ ಮೆಷಿನ್ನಿನ ಮುಳ್ಳಿನ ಮೇಲೆ ಇತ್ತು ಎಂದು ಕಾಣುತ್ತದೆ.

ಮುದುಕಿ ಕರೆಯತೊಡಗುತ್ತಾಳೆ. ಮೂಡಲ ಮನೆ ದೊಡ್ಡ ಬೈರ. ಅವನ ಹೆಂಡ್ತಿ ಪುಟ್ಟಮುನಿ. ಅವಳ ಸೊಂಟದ ಕೂಸು, ಹೆಸರಿಕ್ಕಿರಲಿಲ್ಲ. ಅವನ ತಮ್ಮ ಕುಳ್ಳ ಬೈರ. ಅವನ ಕೆಂದೆತ್ತು. ಹೀಗೆ, ಪ್ರತಿಯೊಂದು ಹೆಸರಾದ ಮೇಲೂ ಒಂದು ಉಸಿರಿನಷ್ಟು ನಿಲ್ಲಿಸಿ, ಹದಿಮೂರು ಮನೆ. ವಯಸ್ಸಾಗಿದೆ, ಏದುಸಿರು ಬರುತ್ತಿರಬೇಕು ಎಂದುಕೊಂಡೆ. ಮೂರು ಮನೆಗಳಿಗೆ ಬಂದಾಗ ಮಾತ್ರ ಆಕೆ ನಿಲ್ಲಿಸುವುದಿಲ್ಲ; ಹೆಸರು ಹೇಳಿ ತಾನೇ ಮೆಲ್ಲಗೆ "ಅವ್ನೆ", "ಅವ್ಳೆ" ಎಂದು ಸೇರಿಸುತ್ತಾಳೆ. ಇದ್ದಾನೆ, ಇದ್ದಾಳೆ ಎಂದು. ಸತ್ತವರನ್ನು ಯಾಕೆ ಹಾಗನ್ನುತ್ತಾಳೆ ಎಂದು ಸೇತುರಾಮರನ್ನು ಕೇಳಿದೆ. "ಅದು ಹಳ್ಳಿಯವರ ಮಾತಿನ ಅಭ್ಯಾಸ ಚೂಡಾಮಣಿ, ಟೈಪ್ ಮಾಡೋದು ಬೇಡ" ಎಂದರು.

ಟೈಪಿಗೆ ಆ ಹೆಸರುಗಳೂ ಬೇಕಾಗಲಿಲ್ಲ. ಮುದುಕಿಗೆ ಕೊಟ್ಟ ಮಾತಿಗಾಗಿ ಅಲ್ಲ, ಎಂಬತ್ತನಾಲ್ಕು ಪ್ರಶ್ನೆಗಳಲ್ಲಿ ಯಾವುದಕ್ಕೂ ಅದು ಉತ್ತರ ಆಗಿರಲಿಲ್ಲ. ಅಮೆರಿಕಕ್ಕೆ ಬೇಕಾಗಿದ್ದದ್ದು ಅಂಕಿ. ಬದರಿನಾಥರ ಪ್ರಕಾರ ಅರವತ್ತು ದಾಟಿದರೆ ಜನಸಂಹಾರ, ಅದಕ್ಕಿಂತ ಕಮ್ಮಿ ಆದರೆ ಗಲಾಟೆ. ಈ ಅರವತ್ತು ಯಾವ ಶಾಸ್ತ್ರದಲ್ಲಿದೆ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಡೈರೆಕ್ಟರು ಹೇಳಿದ್ದು. ಎಣಿಸುವ ಕೆಲಸ ನನಗೆ ಬಂತು.

ಮೊದಲ ಸಲ ಎಪ್ಪತ್ತು ಬಂತು. ಎತ್ತನ್ನೂ ಎಣಿಸಿದ್ದೀರಿ, ತೆಗೆಯಿರಿ ಎಂದರು. ತೆಗೆದೆ. ಒಬ್ಬ ಸಮಿತಿ ಸದಸ್ಯರು ಸತ್ತ ಒಬ್ಬ ಬಸುರಿಯ ಹೊಟ್ಟೆಯಲ್ಲಿದ್ದ ಮಗುವನ್ನು ತೆಗೆಯಬೇಕೆಂದರು, ಇನ್ನೊಬ್ಬರು ಇಡಬೇಕೆಂದರು, ಮೂರನೆಯವರು ಅಡಿಟಿಪ್ಪಣಿಯಲ್ಲಿ ಇಡೋಣ ಎಂದರು. ಎರಡು ಮನೆಯಲ್ಲಿ ಸಿಂಗಾರಿ ಎಂಬ ಒಂದೇ ಹೆಸರಿತ್ತು. ಒಬ್ಬಳನ್ನೇ ಎರಡು ಸಲ ಕರೆದಿರಬಹುದು ಎಂದು ಅನುಮಾನ ಬಂತು. ಪ್ರತಿ ಸಲವೂ ಮೊದಲಿಂದ ಟೇಪು ಹಾಕು, ಬೆರಳು ಮಡಚು. ಮೂರು ವಾರ ಇದೇ ಆಯಿತು, ಒಟ್ಟು ಮೂವತ್ತು ಸಲ ಕೇಳಿರಬೇಕು. ಕೊನೆಗೆ ಅರವತ್ತಮೂರು ಎಂದು ಠರಾವು ಪಾಸಾಯಿತು. ನೂರೆಂಬತ್ತು ವರ್ಷದ ಹಿಂದೆ ಸತ್ತವರಲ್ಲಿ ಏಳು ಜನ, ಎತ್ತನ್ನೂ ಸೇರಿಸಿ, ಜಯನಗರದಲ್ಲಿ ಕಮ್ಮಿಯಾದರು.

ಅಷ್ಟು ಹೊತ್ತಿಗೆ ಆ ಹೆಸರುಗಳು ನನ್ನ ಬಾಯಿಗೆ ಹತ್ತಿಬಿಟ್ಟಿದ್ದವು. ಬೆಳಿಗ್ಗೆ ದೋಸೆ ಹಿಟ್ಟು ರುಬ್ಬುವಾಗ ಒರಳಿನ ಜೊತೆ ಅವೂ ತಿರುಗುತ್ತಿದ್ದವು. "ಯಾರೇ ಅದು ಪುಟ್ಟಮುನಿ? ನಿಮ್ಮ ಆಫೀಸಿಗೆ ಹೊಸದಾಗಿ ಸೇರಿದಾಳಾ?" ಎಂದು ಅಮ್ಮ ಕೇಳಿದಳು. ಹೂಂ ಎಂದೆ.

ಸೆಪ್ಟೆಂಬರಿನಲ್ಲಿ ಫೌಂಡೇಷನ್ನಿನ ಪ್ರೊಫೆಸರು ಅಮೆರಿಕದಿಂದ ತನಿಖೆಗೆ ಬರುತ್ತಾರೆ ಎಂದು ಕಾಗದ ಬಂತು. ಕೇಂದ್ರಕ್ಕೆ ಸುಣ್ಣ ಬಳಿದರು, ಲಂಟಾನ ಕಡಿಸಿದರು. ಸ್ವಾಗತ ಸಮಾರಂಭ, ಅದರಲ್ಲಿ ಬದರಿನಾಥರ ಭಾಷಣ. ಭಾಷಣವನ್ನು ಟೇಪು ಮಾಡಿ ಪ್ರೊಫೆಸರರಿಗೆ ಕೊಡಬೇಕು ಎಂದು ಅವರ ಆಸೆ. ಖಾಲಿ ಟೇಪು ಒಂದೂ ಇರಲಿಲ್ಲ. ಹೊರದೇಶದಿಂದ ತರಿಸಲು ಲೈಸೆನ್ಸ್ ಬೇಕು, ಅದು ಬರುವ ಹೊತ್ತಿಗೆ ಪ್ರೊಫೆಸರು ವಾಪಸು ಹೋಗಿರುತ್ತಾರೆ.

ಸೇತುರಾಮ್ ಹದಿನೇಳನೇ ಟೇಪನ್ನು ಮೆಷಿನ್ನಿಗೆ ಸುತ್ತುತ್ತಿದ್ದದ್ದನ್ನು ನೋಡಿದೆ. "ಸಾರ್, ಅದು ಕರೇಕುಂಟೆದು" ಎಂದೆ. ಅವರು ಕೈ ತಡೆದರು, ಡೈರೆಕ್ಟರ ಮುಖ ನೋಡಿದರು. ಬದರಿನಾಥ್ ಕರವಸ್ತ್ರದಲ್ಲಿ ಕನ್ನಡಕ ಒರೆಸುತ್ತಾ, "ಅದರ ಅಂಕಿ ಬಂದಾಯ್ತಲ್ಲಮ್ಮ, ಇನ್ನೇನಿದೆ ಅದರಲ್ಲಿ?" ಎಂದರು. ಸೇತುರಾಮ್ ಸುತ್ತಿದರು. ನಾನು ಇನ್ನೊಂದು ಮಾತು ಆಡಬಹುದಾಗಿತ್ತು. ಆಡಲಿಲ್ಲ, ಪ್ರೊಫೆಸರರಿಗೆ ಕೊಡುವ ಗಂಧದ ಹಾರ ತರಲು ಹೋದೆ. ಬೇರೆಯವರನ್ನು ಇಷ್ಟೆಲ್ಲ ಆಡಿಕೊಳ್ಳುವ ನಾನು ಇದನ್ನು ಮುಚ್ಚಿಡಬಾರದು. ಆ ಮೌನ ಇವತ್ತಿಗೂ ನನಗೆ ನಾಚಿಕೆ ತರುತ್ತದೆ.

ಬದರಿನಾಥರ ಭಾಷಣದ ವಿಷಯ 'ಅಳಿಯುವ ದನಿಗಳನ್ನು ಉಳಿಸುವ ಬಗೆ.' ಐವತ್ತು ನಿಮಿಷ ಮಾತಾಡಿದರು. ಚೆನ್ನಾಗಿಯೇ ಇತ್ತು ಎನ್ನಬೇಕು. ಪ್ರೊಫೆಸರು ಟೇಪಿನ ಭಾರ ಹೆಚ್ಚಾಗುತ್ತದೆ ಎಂದು ಅದನ್ನು ಬಿಟ್ಟು ಹೋದರು, ಗಂಧದ ಹಾರ ಮಾತ್ರ ತೆಗೆದುಕೊಂಡು ಹೋದರು.

ಡಿಸೆಂಬರ್ ಮೊದಲನೇ ತಾರೀಕು, ಮಂಗಳವಾರ, ಮುನಿವೆಂಕಟಮ್ಮ ಕೇಂದ್ರಕ್ಕೆ ಬಂದಳು. ಅಲ್ಲಿಯವರೆಗೂ ಆಕೆ ನನಗೆ ದನಿ ಮಾತ್ರ. ನೋಡಿದರೆ ಪುಟ್ಟ ಹೆಂಗಸು, ಮೊಣಕಾಲಿನವರೆಗೆ ಧೂಳು. ಜೊತೆಯಲ್ಲಿ ಮಗ ತಿಮ್ಮರಾಯಪ್ಪ, ಐವತ್ತು ದಾಟಿದ ರೈತ. ಹೆಗಲ ಮೇಲಿದ್ದ ಅವರೇಕಾಯಿ ಮೂಟೆ ಇಳಿಸಿ, "ನಿಮ್ಮ ಆಪೀಸಿಗೆ" ಎಂದ. ಬರುವ ಶುಕ್ರವಾರ ಅಮಾವಾಸ್ಯೆ. ಏರಿ ಮೇಲೆ ಹೆಸರು ಕರೆಯಲು ಪೆಟ್ಟಿಗೆಯನ್ನು ಕಳಿಸಿಕೊಡಬೇಕು, ಗಾಡಿ ತರುತ್ತೇನೆ, ಹುಲ್ಲು ಹಾಸಿ ಮೆತ್ತಗೆ ಕೂರಿಸಿಕೊಂಡು ಹೋಗುತ್ತೇನೆ ಎಂದು ಕೇಳಲು ಬಂದಿದ್ದರು.

ಸೇತುರಾಮರ ಮುಖ ಬಿಳಿಚಿತು. ಬದರಿನಾಥ್ ಮಾತ್ರ ಹೆದರಲಿಲ್ಲ. "ಹಾಕ್ರಿ ಸೇತುರಾಮ್, ಕೊನೇಲಿ ಒಂದಷ್ಟು ಉಳಿದಿರಬೇಕು" ಎಂದರು. ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಆಕೆ ಸೆರಗು ತಲೆ ಮೇಲೆ ಎಳೆದುಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

ಮೆಷಿನ್ ತಿರುಗಿತು. ಗೌರವಾನ್ವಿತ ಅಧ್ಯಕ್ಷರೇ, ದೂರದ ಅಮೆರಿಕದಿಂದ ಆಗಮಿಸಿರುವ ಪೂಜ್ಯ ಅತಿಥಿಗಳೇ ಎಂದು ಬದರಿನಾಥರ ದನಿ ಬಂತು. ಮುದುಕಿ ತಲೆಬಾಗಿ ಕೇಳಿದಳು. ದೊಡ್ಡವರು ಮೊದಲು ಮಾತಾಡಿ ಆಮೇಲೆ ತನ್ನ ಸರದಿ ಕೊಡುತ್ತಾರೆ ಎಂದುಕೊಂಡಿದ್ದಳು ಎಂದು ಕಾಣುತ್ತದೆ. ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಯಾರೂ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಏನಾದರೂ ಹೇಳಬೇಕಾಗುತ್ತಲ್ಲ. ಚಪ್ಪಾಳೆ ಬಂತು, ವಂದನಾರ್ಪಣೆ ಬಂತು, ಟೇಪು ತುದಿ ಬಿಟ್ಟುಕೊಂಡು ಪಟಪಟ ಬಡಿದುಕೊಂಡಿತು.

"ನಾನಿಲ್ವಲ್ಲ ಇದ್ರಲ್ಲಿ" ಎಂದಳು ಮುನಿವೆಂಕಟಮ್ಮ.

ಸೇತುರಾಮ್ ಅಳಿಸಿಹೋಗಿದೆ ಎಂದು ಹೇಗೋ ಹೇಳಿದರು. "ಇನ್ನೊಂದು ಸಲ ಹೇಳಿಬಿಡಿ ಅಜ್ಜಿ, ಈಗಲೇ ಮಾಡ್ಕೊಳ್ತೀನಿ" ಎಂದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಿತ್ತು.

"ಕೊಟ್ಟಾಯ್ತಲ್ಲ ಸ್ವಾಮಿ. ಇನ್ನು ನಂದಲ್ಲ ಅದು."

"ನಿಮಗೆ ಇನ್ನೂ ನೆನಪಿದೆಯಲ್ಲ!"

"ನೆಪ್ಪೈತೆ. ಬಾಯಿಗೆ ತರಂಗಿಲ್ಲ. ನಮ್ಮತ್ತೆ ನಂಗೆ ಒಪ್ಪಿಸಿ ಹನ್ನೆರಡು ವರ್ಸ ಬದುಕಿದ್ಲು. ನಾನು ಒಂದ್ ದಪ ತಪ್ಪು ಕರೆದ್ರೂ ತುಟಿ ಬಿಚ್ಚಲಿಲ್ಲ."

ಬದರಿನಾಥರಿಗೆ ಒಂದು ಪರಿಹಾರ ಹೊಳೆಯಿತು. ಪ್ರತಿ ಮನೆಯವರೂ ಅವರವರ ಪೂರ್ವಜರ ಹೆಸರು ಹೇಳಿದರೆ ಪಟ್ಟಿ ಪೂರ್ತಿ ಆಗುವುದಿಲ್ಲವೆ? ತಿಮ್ಮರಾಯಪ್ಪ ಡೈರೆಕ್ಟರ ಕಡೆ ತಿರುಗಿದ. "ಹತ್ತು ಮನೇದು ಆಯ್ತದೆ ಸ್ವಾಮಿ. ಮೂರು ಮನೆ ನಿರ್ವಂಶ ಆಗೋದ್ವು, ಒಂದು ಕೂಸೂ ಉಳೀಲಿಲ್ಲ. ಅವ್ರ ಹೆಸರ ಯಾರು ಹೇಳ್ತಾರೆ? ನಮ್ಮವ್ವನ ಬಾಯಲ್ಲೇ ಇದ್ದದ್ದು ಅದು." ಆಮೇಲೆ, "ಕರೆಯೋವಾಗ ಒಂದೊಂದು ಹೆಸರಿಗೂ ಆ ಮನೆಯೋರು ಓ ಅಂತಾರೆ, ಅವ್ನೆ ಅಂತಾರೆ, ಅವ್ಳೆ ಅಂತಾರೆ. ಆ ಮೂರು ಮನೆಗೆ ಓ ಅನ್ನೋರಿಲ್ಲ ಅಂತ ಕರೆಯೋಳೇ ಅಂತಾಳೆ" ಎಂದ.

ಆಗ ನನಗೆ ತಿಳಿಯಿತು. ಮೂರು ವಾರ ನಾನು ಏದುಸಿರು ಎಂದುಕೊಂಡಿದ್ದದ್ದು ಉಸಿರಲ್ಲ. ಮುದುಕಿ ಪ್ರತಿ ಹೆಸರಿಗೂ ಓ ಎನ್ನುವವರಿಗಾಗಿ ಕಾಯುತ್ತಿದ್ದಳು. ಪೆಟ್ಟಿಗೆಯ ಮುಂದೆ ಒಬ್ಬಳೇ ಕೂತಿದ್ದರೂ ಕಾಯುತ್ತಿದ್ದಳು.

ಮುನಿವೆಂಕಟಮ್ಮ ಅಳಲಿಲ್ಲ. "ಅವತ್ತು ಸತ್ತೋರು ಮತ್ತೆ ಸತ್ರು" ಎಂದು ಎದ್ದಳು. ಮೂಟೆ ವಾಪಸು ತೆಗೆದುಕೋ ಎಂದು ಮಗನಿಗೆ ಹೇಳಲೂ ಇಲ್ಲ. ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳುವ ಜನ ಅಲ್ಲ ಅವರು.

ಗೇಟಿನ ಹತ್ತಿರ ಹೋಗಿ ಆಕೆಯ ಮುಂದೆ ನಿಂತೆ. "ನನಗೆ ಬರುತ್ತೆ ಅವ್ವ" ಎಂದೆ. ಆಕೆಗೆ ಅರ್ಥವಾಗಲಿಲ್ಲ. ಮೂಡಲ ಮನೆ ದೊಡ್ಡ ಬೈರ, ಎಂದೆ. ಅವನ ಹೆಂಡ್ತಿ ಪುಟ್ಟಮುನಿ. ಅವಳ ಸೊಂಟದ ಕೂಸು, ಹೆಸರಿಕ್ಕಿರಲಿಲ್ಲ.

ಮುದುಕಿ ಅಲ್ಲೇ ಗೇಟಿನ ಕಲ್ಲಿನ ಮೇಲೆ ಕೂತಳು, ನನ್ನನ್ನೂ ಕೂರಿಸಿದಳು. ಮಾತಾಡುವ ಹಾಗಿಲ್ಲವಲ್ಲ, ಅದಕ್ಕೆ ಪ್ರತಿ ಹೆಸರಿಗೂ ನನ್ನ ಮಂಡಿ ಮೇಲೆ ಒಂದು ಸಲ ಬೆರಳು ತಟ್ಟಿದಳು. ಸರಿಯಿದ್ದರೆ ತಟ್ಟುವುದು, ತಪ್ಪಿದ್ದರೆ ಸುಮ್ಮನೆ ಇರುವುದು. ಎಂಟನೇ ಮನೆಯಲ್ಲಿ ಒಂದು ಕಡೆ ಬೆರಳು ನಿಂತಿತು. ಅಣ್ಣನಿಗಿಂತ ಮುಂಚೆ ತಮ್ಮನನ್ನು ಕರೆದುಬಿಟ್ಟಿದ್ದೆ. ಸರಿ ಮಾಡಿ ಹೇಳಿದೆ, ತಟ್ಟಿದಳು. ಎಪ್ಪತ್ತೂ ಮುಗಿಯುವ ಹೊತ್ತಿಗೆ ಎದುರು ಮನೆಯ ತಹಶೀಲ್ದಾರರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು.

"ಪೆಟ್ಟಿಗೆಗೆ ನಾನು ಕೊಟ್ಟೆ. ಅದು ನಿಂಗೆ ಕೊಟ್ಟೈತೆ" ಎಂದಳು ಮುನಿವೆಂಕಟಮ್ಮ. "ಸುಕ್ರವಾರ ಬಾ ತಾಯಿ."

ಮಾರನೇ ದಿನ ಬೆಳಿಗ್ಗೆ ಸೇತುರಾಮ್ ಹೊಸ ಟೇಪಿನೊಂದಿಗೆ ನನ್ನ ಮೇಜಿನ ಮುಂದೆ ನಿಂತಿದ್ದರು. ಎಲ್ಲಿಂದ ಸಂಪಾದಿಸಿದರೋ ಗೊತ್ತಿಲ್ಲ, ಭಾಷಣದ ದಿವಸ ಸಿಗಲಿಲ್ಲವಲ್ಲ ಅದು. ಹೇಳಿಬಿಡಿ ಚೂಡಾಮಣಿ, ಹತ್ತು ನಿಮಿಷದ ಕೆಲಸ ಎಂದರು. ಹೇಳಿದರೆ ಒಪ್ಪಿಸಿದ ಹಾಗೆ ಆಗುತ್ತೆ ಸಾರ್, ಆಮೇಲೆ ಶುಕ್ರವಾರ ನಾನು ಬಾಯಿ ಬಿಡೋ ಹಾಗಿಲ್ಲ ಎಂದೆ. ಟೈಪ್ ಆದರೂ ಮಾಡಿಕೊಡಿ ಎಂದರು. ಕಾಗದಕ್ಕೆ ಹತ್ತಿಸುವುದಿಲ್ಲ ಅಂತ ನೀವೇ ಮಾತು ಕೊಟ್ಟಿದೀರಿ, ಟೇಪಿನಲ್ಲಿ ಇತ್ತು ಎಂದೆ. "ಆ ಅರವತ್ತಮೂರಕ್ಕೆ ಈಗ ಸಾಕ್ಷಿಯೇ ಇಲ್ಲ. ಇದಿಲ್ಲದೆ ನನ್ನ ವರದಿ ನಿಲ್ಲಲ್ಲ ರೀ. ಎರಡು ವರ್ಷ ಹೋಗುತ್ತೆ" ಎಂದರು. ನನಗೆ ಅವರ ಮೇಲೆ ಕನಿಕರ ಬಂತು. ಆದರೂ ಇಲ್ಲ ಎಂದೆ.

ಮಧ್ಯಾಹ್ನ ಬದರಿನಾಥ್ ಒಂದು ಮೆಮೊ ಬರೆದರು. ನನ್ನ ಮೆಮೊವನ್ನು ನನ್ನಿಂದಲೇ ಟೈಪ್ ಮಾಡಿಸಿದರು, ಆಫೀಸಿನಲ್ಲಿ ಬೇರೆ ಟೈಪಿಸ್ಟ್ ಇರಲಿಲ್ಲ. ಸದರಿ ಹೆಸರುಗಳು ಕೇಂದ್ರದ ಯಂತ್ರದಿಂದ, ಕೇಂದ್ರದ ವೇಳೆಯಲ್ಲಿ ನೌಕರಳ ತಲೆಗೆ ಸೇರಿರುವುದರಿಂದ ಅವು ಕೇಂದ್ರದ ಸ್ವತ್ತು, ಕೂಡಲೇ ಹಿಂತಿರುಗಿಸತಕ್ಕದ್ದು, ಎಂದು. ಸಹಿ ಮಾಡಿಸಿಕೊಳ್ಳುವಾಗ, "ನೀವು ಆ ಊರಿನ ವಂಶಸ್ಥರೇನ್ರಿ? ನಮ್ಮ ಫಾರಂನಲ್ಲಿ ಮೊದಲನೇ ಕಾಲಂ ಅದೇ, ಸತ್ತವರಿಗೂ ನಿಮಗೂ ಏನು ಸಂಬಂಧ ಅಂತ. ನಿಮ್ಮ ಹತ್ರ ಏನಿದೆ ಬರೆಯಕ್ಕೆ?" ಎಂದರು. ಶುಕ್ರವಾರ ರಜ ಬೇಕು ಎಂದು ಅರ್ಜಿ ಟೈಪ್ ಮಾಡಿ ಮೆಮೊ ಜೊತೆಗೇ ಇಟ್ಟೆ. ಕೊಡಲಿಲ್ಲ. ಕೆಲಸ ಬಿಟ್ಟೆ.

ಅಮ್ಮನಿಗೆ ಎಲ್ಲ ಹೇಳಿದೆ. ಮದುವೆಯಾಗದ ಹುಡುಗಿ, ಅಮಾವಾಸ್ಯೆ ದಿನ, ಯಾರದೋ ಊರಲ್ಲಿ, ಯಾರೋ ಸತ್ತವರ ಹೆಸರು ಕರೆಯುವುದು. ಕೊನೆಗೆ, "ಅವರಿಗೆ ಎಳ್ಳುನೀರು ಬಿಡೋರೂ ಇಲ್ವಾ?" ಎಂದಳು. ಮೂರು ಮನೆಗೆ ಇಲ್ಲಮ್ಮ ಎಂದೆ. "ಹೋಗ್ಬಾ. ತಲೆಗೆ ಸೆರಗು ಹೊದ್ದುಕೊ, ಏರಿ ಮೇಲೆ ಗಾಳಿ ಇರುತ್ತೆ" ಎಂದಳು.

ಗಾಳಿ ನಿಜವಾಗಿಯೂ ಇತ್ತು. ಕುಂಟೆಯ ಎರಡು ಕಡೆಗೂ ರಾಗಿ ತೆನೆ ಬಾಗಿ ಕಾಯುತ್ತಿತ್ತು. ಊರಿನವರು ಮನೆ ಮನೆಯಾಗಿ ನಿಂತಿದ್ದರು, ಕುಡುಗೋಲುಗಳನ್ನು ನೆಲದ ಮೇಲೆ ಇಟ್ಟಿದ್ದರು. ಸೊಣ್ಣಮ್ಮ ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿದಳು, ತಪ್ಪಿದರೆ ಅತ್ತೆ ಇನ್ನು ನಿನ್ನನ್ನೂ ಬೈತಾಳೆ ಎಂದು ಕಿವಿಯಲ್ಲಿ ಹೇಳಿ ನಕ್ಕಳು. ಮುನಿವೆಂಕಟಮ್ಮ ಕೆಳಗೆ ಕಂಬಳಿ ಮೇಲೆ ಕೂತಿದ್ದಳು. ಎಲ್ಲರ ಹಿಂದೆ, ಹುಣಿಸೆ ಮರದ ಹತ್ತಿರ, ಸೇತುರಾಮ್ ನಿಂತಿದ್ದರು. ಕೈಯಲ್ಲಿ ಮೆಷಿನ್ ಇರಲಿಲ್ಲ.

ಮೂಡಲ ಮನೆ ದೊಡ್ಡ ಬೈರ, ಎಂದು ಕರೆದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ಅವ್ನೆ" ಎಂದರು ಬಲಗಡೆಯಿಂದ ಏಳೆಂಟು ಜನ, ಒಟ್ಟಿಗೆ, ಹೊಲದಲ್ಲಿ ಕೆಲಸ ಮಾಡುವವನು ಕೂಗಿಗೆ ಓಗೊಟ್ಟ ಹಾಗೆ.

ಪುಟ್ಟಮುನಿ. ಅವ್ಳೆ. ಹೆಸರಿಕ್ಕದ ಕೂಸು. ಐತೆ. ಕೆಂದೆತ್ತಿಗೂ ಐತೆ ಎಂದರು. ಸಮಿತಿಯವರು ತೆಗೆದುಹಾಕಿದ್ದವೂ ಒಂದೊಂದಾಗಿ ಬಂದವು. ಹೊಟ್ಟೆಯೊಳಗಿದ್ದದ್ದಕ್ಕೆ ಒಬ್ಬ ಹೆಂಗಸು ಒಬ್ಬಳೇ ಓಗೊಟ್ಟಳು. ನನ್ನ ದನಿ ಗಟ್ಟಿಯಾಗುತ್ತಾ ಬಂತು. ಆರು ಮನೆ ಮುಗಿಯಿತು, ಏಳನೆಯದಕ್ಕೆ ಬಂದೆ.

ಬೇವಿನ ಮರದ ಮನೆ ಸಿಂಗಾರಿ, ಏಳು ವರ್ಸದೋಳು, ಎಂದು ಕರೆದು ಅಭ್ಯಾಸದ ಮೇಲೆ ಕಾದೆ.

ಯಾರೂ ಓ ಎನ್ನಲಿಲ್ಲ. ಗಾಳಿಯಲ್ಲಿ ರಾಗಿ ಅಲುಗುವುದು ಕೇಳಿಸಿತು.

ತಿರುಗಿ ನೋಡಿದರೆ ಊರೆಲ್ಲ ನನ್ನ ಮುಖ ನೋಡುತ್ತಿತ್ತು. ಮುನಿವೆಂಕಟಮ್ಮ ತುಟಿ ಬಿಗಿ ಹಿಡಿದುಕೊಂಡು, ತನ್ನ ಮಂಡಿಯ ಮೇಲೆ ಬೆರಳು ಎತ್ತಿ ಹಿಡಿದು, ತಟ್ಟದೆ ಕಾಯುತ್ತಿದ್ದಳು. ನಿರ್ವಂಶವಾದ ಮೂರು ಮನೆಗಳಲ್ಲಿ ಇದೊಂದು ಎಂದು ಆಗ ನೆನಪಾಯಿತು. ಆ ಮನೆಯವಳು ಇನ್ನು ನಾನೇ.

"ಅವ್ಳೆ" ಎಂದೆ.

ಮುದುಕಿಯ ಬೆರಳು ಮಂಡಿಗೆ ತಟ್ಟಿತು. ನಾನು ಸಿಂಗಾರಿಯ ಅಣ್ಣನನ್ನು ಕರೆದೆ.